ಎರಡು ಕಾಲೇಜು, ಎರಡು ಮೇಜರ್: ಹೆಸರು ಬರೆಸುವ ಮುನ್ನ

ಸಂಪಾದಕರಿಗೆ,

ಮಾನ್ಯರೇ,

ಪತ್ರಿಕೆಗಳ ಶಿಕ್ಷಣ ಪುಟಗಳಲ್ಲಿ ಡಬಲ್ ಮೇಜರ್, ಅಂದರೆ ಪದವಿಯಲ್ಲಿ ಎರಡು ಮುಖ್ಯ ವಿಷಯಗಳನ್ನು ಒಟ್ಟಿಗೇ ಓದುವ ವಿಷಯ ಬಂದಾಗಲೆಲ್ಲ ಅದನ್ನು ಪ್ರತಿಭೆಯ ಪ್ರಶ್ನೆಯಾಗಿ ಬಿಂಬಿಸುವುದು ವಾಡಿಕೆಯಾಗಿಬಿಟ್ಟಿದೆ. ಬುದ್ಧಿವಂತ ವಿದ್ಯಾರ್ಥಿ ಎರಡು ವಿಷಯಗಳನ್ನೂ ನಿಭಾಯಿಸಬಲ್ಲ, ಉಳಿದವರು ಒಂದಕ್ಕೇ ತೃಪ್ತರಾಗಬೇಕು ಎಂಬುದು ಆ ಬರಹಗಳ ಧಾಟಿ. ವಿಶ್ವವಿದ್ಯಾಲಯವೊಂದರಲ್ಲಿ ಪಾಠ ಹೇಳುವುದರ ಜೊತೆಗೆ ವಿದ್ಯಾರ್ಥಿಗಳ ಕೋರ್ಸ್ ಆಯ್ಕೆಗೆ ಸಲಹೆ ನೀಡುವ ಹೊಣೆಯನ್ನೂ ಬಹುಕಾಲ ಹೊತ್ತಿದ್ದ ನನಗೆ ಈ ಧಾಟಿ ಒಪ್ಪಿಗೆಯಾಗುವುದಿಲ್ಲ. ಒಂದೇ ಕಾಲೇಜಿನೊಳಗೆ ಎರಡು ಮೇಜರ್ ಮಾಡುವುದು ಒಂದು ಮಾತು. ಒಂದೇ ವಿಶ್ವವಿದ್ಯಾಲಯದ ಎರಡು ಬೇರೆ ಬೇರೆ ಕಾಲೇಜುಗಳಲ್ಲಿ ಒಂದೊಂದು ಮೇಜರ್ ಮಾಡುವುದು ಬೇರೆಯದೇ ಮಾತು. ಎರಡನೆಯದರಲ್ಲಿ ವಿದ್ಯಾರ್ಥಿಯ ಸಾಮರ್ಥ್ಯಕ್ಕಿಂತ ಮೊದಲು ಎದುರಾಗುವುದು ನಿಯಮಾವಳಿ, ವೇಳಾಪಟ್ಟಿ ಮತ್ತು ಓದಿನ ಹೊರೆಯನ್ನು ಅಳೆಯುವ ಕ್ರೆಡಿಟ್‌ಗಳ ಲೆಕ್ಕ. ಈ ಲೆಕ್ಕ ಹಾಕದೆ ತೆಗೆದುಕೊಂಡ ನಿರ್ಧಾರಗಳು ಮೂರನೆಯ ವರ್ಷದಲ್ಲಿ ಕುಸಿಯುವುದನ್ನು ನಾನು ಹತ್ತಿರದಿಂದ ಕಂಡಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳ ರಚನೆಯನ್ನು ತಿಳಿಯದೆ ಈ ವಿಷಯ ಅರ್ಥವಾಗುವುದಿಲ್ಲ. ಅಲ್ಲಿ ವಿಶ್ವವಿದ್ಯಾಲಯವೆಂದರೆ ಎಂಜಿನಿಯರಿಂಗ್, ಕಲೆ ಮತ್ತು ವಿಜ್ಞಾನ, ವಾಣಿಜ್ಯ, ಸಂಗೀತ, ಕೃಷಿ ಮೊದಲಾದ ಕಾಲೇಜುಗಳ ಒಕ್ಕೂಟ. ಪ್ರತಿ ಕಾಲೇಜಿಗೂ ಅದರದೇ ಡೀನ್, ಅದರದೇ ಪ್ರವೇಶ ನಿಯಮ, ಅದರದೇ ಅಡ್ವೈಸರ್‌ಗಳು ಇರುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಮೇಜರ್ ಯಾವುದೇ ಇರಲಿ, ಆ ಕಾಲೇಜಿನಿಂದ ಪದವಿ ಪಡೆಯುವ ಪ್ರತಿಯೊಬ್ಬರೂ ಪೂರೈಸಬೇಕಾದ ಸಾಮಾನ್ಯ ಅಗತ್ಯಗಳ ಒಂದು ಪಟ್ಟಿ ಇರುತ್ತದೆ. ಇತಿಹಾಸ ಮತ್ತು ಅರ್ಥಶಾಸ್ತ್ರ ಎರಡೂ ಕಲೆ ಮತ್ತು ವಿಜ್ಞಾನ ಕಾಲೇಜಿನಲ್ಲಿದ್ದರೆ, ಆ ಸಾಮಾನ್ಯ ಪಟ್ಟಿಯನ್ನು ಒಮ್ಮೆ ಪೂರೈಸಿದರೆ ಸಾಕು. ಮೇಲೆ ಎರಡು ಮೇಜರ್‌ಗಳ ಕೋರ್ಸ್‌ಗಳನ್ನು ಸೇರಿಸಿಕೊಂಡರಾಯಿತು. ಎಂಜಿನಿಯರಿಂಗ್ ಕಾಲೇಜಿನ ಒಂದು ಮೇಜರ್ ಮತ್ತು ಕಲೆ ಮತ್ತು ವಿಜ್ಞಾನ ಕಾಲೇಜಿನ ಒಂದು ಮೇಜರ್ ಆಯ್ದುಕೊಂಡವರು ಅನೇಕ ಕಡೆ ಎರಡೂ ಪಟ್ಟಿಗಳಿಗೆ ಉತ್ತರ ಕೊಡಬೇಕಾಗುತ್ತದೆ.

ಹೆಸರುಗಳಲ್ಲೂ ಈ ವ್ಯತ್ಯಾಸವಿದೆ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಒಂದೇ ಕಾಲೇಜಿನೊಳಗಿನ ಎರಡು ಮೇಜರ್‌ಗಳನ್ನು ಡಬಲ್ ಮೇಜರ್ ಎನ್ನುತ್ತಾರೆ. ಕಾಲೇಜುಗಳು ಬೇರೆಯಾದರೆ ಅದು ಸೈಮಲ್ಟೇನಿಯಸ್ ಡಿಗ್ರಿ. ಬೇರೆಡೆ ಡ್ಯುಯಲ್ ಡಿಗ್ರಿ ಎಂಬ ಹೆಸರು ಹೆಚ್ಚು ಬಳಕೆಯಲ್ಲಿದೆ. ಡಬಲ್ ಮೇಜರ್ ಮಾಡಿದವರಿಗೆ ಸಾಮಾನ್ಯವಾಗಿ ಸಿಗುವುದು ಒಂದೇ ಪದವಿ, ಒಂದೇ ಪ್ರಮಾಣಪತ್ರ. ಎರಡು ವಿಷಯಗಳ ಹೆಸರು ಟ್ರಾನ್ಸ್‌ಕ್ರಿಪ್ಟ್ ಎಂಬ ಅಂಕಪಟ್ಟಿಯಲ್ಲಿ ದಾಖಲಾಗುತ್ತದೆ. ಡ್ಯುಯಲ್ ಡಿಗ್ರಿಯಾದರೆ ಎರಡು ಪದವಿ. ಒಂದು ಪದವಿಗೆ ಕನಿಷ್ಠ 120 ಕ್ರೆಡಿಟ್ ಎಂಬುದು ಅಲ್ಲಿನ ಸಾಮಾನ್ಯ ಅಳತೆಯಾದರೆ, ಎರಡನೆಯ ಪದವಿಗೆ ಅದರ ಮೇಲೆ ಇನ್ನೂ 30 ಕ್ರೆಡಿಟ್ ಬೇಕೆಂದು ಅನೇಕ ವಿಶ್ವವಿದ್ಯಾಲಯಗಳು ಕೇಳುತ್ತವೆ. ಮೂವತ್ತು ಕ್ರೆಡಿಟ್ ಎಂದರೆ ಒಂದು ವರ್ಷದ ಓದು. ತಾನು ಕೇಳುತ್ತಿರುವುದು ಇವೆರಡರಲ್ಲಿ ಯಾವುದನ್ನು ಎಂದು ತಿಳಿಯದೆಯೇ ಅರ್ಜಿ ಹಿಡಿದು ಬರುವ ವಿದ್ಯಾರ್ಥಿಗಳು ಕಡಿಮೆಯಿಲ್ಲ.

ಎಲ್ಲ ವಿಶ್ವವಿದ್ಯಾಲಯಗಳೂ ಇದನ್ನು ಒಂದೇ ಕಣ್ಣಿನಿಂದ ನೋಡುವುದಿಲ್ಲ. ಪ್ರಿನ್ಸ್‌ಟನ್‌ನಲ್ಲಿ ಡಬಲ್ ಮೇಜರ್‌ಗೆ ಅವಕಾಶವೇ ಇಲ್ಲ. ಎರಡನೆಯ ಆಸಕ್ತಿಗೆ ಮೈನರ್, ಅಂದರೆ ಕಡಿಮೆ ಕೋರ್ಸ್‌ಗಳ ಉಪವಿಷಯ ಇದೆ. ಹಾರ್ವರ್ಡ್‌ನಲ್ಲಿ ಎರಡು ವಿಷಯಗಳನ್ನು ಒಂದೇ ಪ್ರಬಂಧದಲ್ಲಿ ಬೆಸೆಯಬೇಕಾದ ಜಂಟಿ ವ್ಯವಸ್ಥೆ ಮೊದಲಿನಿಂದ ಇತ್ತಾದರೂ, ಪರಸ್ಪರ ಸಂಬಂಧವಿಲ್ಲದ ಎರಡು ವಿಷಯಗಳನ್ನು ಬೇರೆ ಬೇರೆಯಾಗಿ ಓದಲು ಅಲ್ಲಿನ ಬೋಧಕ ವರ್ಗ ಒಪ್ಪಿದ್ದು 2022ರಲ್ಲಿ. ಈ ಹಿಂಜರಿಕೆ ಬರೀ ಹಟಮಾರಿತನವೆಂದು ನನಗೆ ತೋರುವುದಿಲ್ಲ. 1869ರಿಂದ 1909ರವರೆಗೆ ಹಾರ್ವರ್ಡ್‌ನ ಅಧ್ಯಕ್ಷರಾಗಿದ್ದ ಚಾರ್ಲ್ಸ್ ಎಲಿಯಟ್ ಅವರು ವಿದ್ಯಾರ್ಥಿಗಳಿಗೆ ಕೋರ್ಸ್ ಆಯ್ಕೆಯ ಸ್ವಾತಂತ್ರ್ಯವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಕೊಟ್ಟಿದ್ದರು. ಅದರಿಂದ ಓದು ಚದುರಿಹೋಗುತ್ತಿದೆ ಎಂದು ಕಂಡ ಅವರ ಉತ್ತರಾಧಿಕಾರಿ ಲಾರೆನ್ಸ್ ಲೋವೆಲ್ ಅವರು, ಒಂದು ವಿಷಯದಲ್ಲಿ ಆಳ, ಉಳಿದವುಗಳಲ್ಲಿ ಹರಹು ಎಂಬ ಕಟ್ಟುಪಾಡನ್ನು ತಂದರು. ಮೇಜರ್ ಎಂಬ ಏರ್ಪಾಡಿನ ಹಿಂದಿರುವುದು ಒಂದು ಕಡೆ ಆಳಕ್ಕೆ ಇಳಿಯಬೇಕೆಂಬ ಈ ವಿಚಾರ. ಎರಡು ಮೇಜರ್ ಕೇಳುವವರು ಎರಡು ಕಡೆ ಆಳಕ್ಕೆ ಇಳಿಯುತ್ತೇನೆ ಎನ್ನುತ್ತಿದ್ದಾರೆ; ಆಗ ಹರಹಿಗೆ ಎಷ್ಟು ಜಾಗ ಉಳಿಯುತ್ತದೆ ಎಂಬ ಪ್ರಶ್ನೆ ನ್ಯಾಯವಾದದ್ದೇ.

ಈಗ ಲೆಕ್ಕಕ್ಕೆ ಬರುತ್ತೇನೆ. ಅಮೆರಿಕದಲ್ಲಿ ಒಂದು ಕ್ರೆಡಿಟ್ ಎಂದರೆ ಸುಮಾರು 15 ವಾರಗಳ ಸೆಮಿಸ್ಟರ್‌ನಲ್ಲಿ ವಾರಕ್ಕೆ ಒಂದು ಗಂಟೆ ತರಗತಿ ಮತ್ತು ತರಗತಿಯ ಹೊರಗೆ ಕನಿಷ್ಠ ಎರಡು ಗಂಟೆ ಓದು. ಸೆಮಿಸ್ಟರ್‌ಗೆ 15 ಕ್ರೆಡಿಟ್ ತೆಗೆದುಕೊಂಡವರ ವಾರ ಆ ಲೆಕ್ಕದಲ್ಲಿ 45 ಗಂಟೆಯದು. 18 ಕ್ರೆಡಿಟ್ ಆದರೆ 54 ಗಂಟೆ. ಎಂಜಿನಿಯರಿಂಗ್ ಕೋರ್ಸ್‌ಗಳಿಗೆ ಮಾನ್ಯತೆ ನೀಡುವ ಅಬೆಟ್ ಸಂಸ್ಥೆ ಗಣಿತ ಮತ್ತು ಮೂಲ ವಿಜ್ಞಾನಗಳಿಗೆ ಕನಿಷ್ಠ 30, ಎಂಜಿನಿಯರಿಂಗ್ ವಿಷಯಗಳಿಗೆ ಕನಿಷ್ಠ 45 ಕ್ರೆಡಿಟ್ ಇರಲೇಬೇಕೆಂದು ವಿಧಿಸುತ್ತದೆ. ವಿಭಾಗಗಳು ಇದರ ಮೇಲೆ ತಮ್ಮ ಅಗತ್ಯಗಳನ್ನು ಸೇರಿಸಿದಾಗ ಎಂಜಿನಿಯರಿಂಗ್ ಪದವಿಯಲ್ಲಿ ಸ್ವಂತ ಇಷ್ಟಕ್ಕೆ ಉಳಿಯುವ ಜಾಗ ಬಹಳ ಕಡಿಮೆ. ಇತಿಹಾಸದ ವಿದ್ಯಾರ್ಥಿಗೆ ಎರಡನೆಯ ಮೇಜರ್‌ಗೆ ಬೇಕಾದ ಜಾಗ ಅವಳ 120 ಕ್ರೆಡಿಟ್‌ಗಳ ಒಳಗೇ ಸಿಕ್ಕಬಹುದು. ಎಂಜಿನಿಯರಿಂಗ್ ವಿದ್ಯಾರ್ಥಿಗೆ ಆ ಸಡಿಲಿಕೆ ಇಲ್ಲ.

ಒಂದು ಮಾದರಿ ಲೆಕ್ಕ ನೋಡೋಣ. ಕಂಪ್ಯೂಟರ್ ಎಂಜಿನಿಯರಿಂಗ್‌ಗೆ 128 ಕ್ರೆಡಿಟ್ ಎಂದಿಟ್ಟುಕೊಳ್ಳಿ. ಭಾಷಾವಿಜ್ಞಾನದ ಮೇಜರ್‌ಗೆ 33. ಇಷ್ಟನ್ನೇ ಕೂಡಿಸಿ ವಿದ್ಯಾರ್ಥಿಗಳು ಧೈರ್ಯ ತಂದುಕೊಳ್ಳುತ್ತಾರೆ. ಆದರೆ ಕಲೆ ಮತ್ತು ವಿಜ್ಞಾನ ಕಾಲೇಜು ತನ್ನ ಪದವೀಧರರಿಂದ ವಿದೇಶಿ ಭಾಷೆಯ ಅಭ್ಯಾಸವನ್ನು ಕೇಳುವುದು ಸಾಮಾನ್ಯ. ಎಂಜಿನಿಯರಿಂಗ್ ಕಾಲೇಜು ಅದನ್ನು ಕೇಳದಿರುವುದೂ ಅಷ್ಟೇ ಸಾಮಾನ್ಯ. ಅದಕ್ಕೆ 12 ಕ್ರೆಡಿಟ್, ಬರವಣಿಗೆ ಮತ್ತು ಸಾಹಿತ್ಯದ ಬಾಬ್ತು ಇನ್ನೊಂದು 6. ಒಟ್ಟು 179. ಎಂಜಿನಿಯರಿಂಗ್ ಪದವಿಯಲ್ಲಿ ಮಾನವಿಕ ವಿಷಯಗಳಿಗೆಂದು ಇಟ್ಟ 18 ಕ್ರೆಡಿಟ್‌ಗಳನ್ನು ಪೂರ್ತಿಯಾಗಿ ಇದಕ್ಕೇ ಬಳಸಿಕೊಳ್ಳಲು ಎರಡೂ ಕಾಲೇಜು ಒಪ್ಪಿದರೆ 161 ಉಳಿಯುತ್ತದೆ. ಎಂಟು ಸೆಮಿಸ್ಟರ್‌ಗಳಿಗೆ ಹಂಚಿದರೆ ಸೆಮಿಸ್ಟರ್‌ಗೆ ಇಪ್ಪತ್ತರ ಮೇಲೆ, ಅಂದರೆ ಪ್ರತಿ ವಾರ ಅರವತ್ತು ಗಂಟೆ. ಹತ್ತು ಸೆಮಿಸ್ಟರ್‌ಗಳಿಗೆ ಹಂಚಿದರೆ ಹದಿನಾರು, ಅದು ಮಾಮೂಲಿ ಓದು. ಹಾಗಾಗಿ ‘ನನ್ನಿಂದಾಗುತ್ತದೆಯೇ’ ಎಂಬ ಪ್ರಶ್ನೆಗೆ ಹೆಚ್ಚಿನವರಿಗೆ ಉತ್ತರ ‘ಐದು ವರ್ಷದಲ್ಲಿ ಆಗುತ್ತದೆ’ ಎಂದೇ. ಐದನೆಯ ವರ್ಷ ತನಗೆ ಬೇಕೇ ಎಂಬುದನ್ನು ವಿದ್ಯಾರ್ಥಿ ಮೊದಲ ವರ್ಷದಲ್ಲೇ ಕೇಳಿಕೊಳ್ಳಬೇಕು. ನಾಲ್ಕನೆಯ ವರ್ಷದ ಕೊನೆಗೆ ಅದನ್ನು ಕಂಡುಕೊಳ್ಳುವಂತಾಗಬಾರದು.

ಕ್ರೆಡಿಟ್ ಲೆಕ್ಕ ಸರಿಹೋದರೂ ವೇಳಾಪಟ್ಟಿ ಕೈಕೊಡುತ್ತದೆ. ಇದೇ ಎರಡು ವಿಷಯಗಳನ್ನು ಆಯ್ದುಕೊಂಡಿದ್ದ ಒಬ್ಬ ವಿದ್ಯಾರ್ಥಿನಿ ಉಳಿದ ಸೆಮಿಸ್ಟರ್‌ಗಳ ಯೋಜನೆಯನ್ನು ಒಂದು ದೊಡ್ಡ ಹಾಳೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆದುಕೊಂಡು ಬಂದಿದ್ದಳು. ಎಡಗಡೆ ಎಂಜಿನಿಯರಿಂಗ್ ಸರಪಳಿ: ಗಣಿತ ಮುಗಿಯದೆ ಸರ್ಕ್ಯೂಟ್ಸ್ ಇಲ್ಲ, ಸರ್ಕ್ಯೂಟ್ಸ್ ಮುಗಿಯದೆ ಸಿಗ್ನಲ್ಸ್ ಇಲ್ಲ, ಅದು ಮುಗಿಯದೆ ಕೊನೆಯ ವರ್ಷದ ಎರಡು ಸೆಮಿಸ್ಟರ್‌ಗಳ ವಿನ್ಯಾಸ ಪ್ರಾಜೆಕ್ಟ್ ಇಲ್ಲ. ಒಂದು ಕೊಂಡಿ ತಪ್ಪಿದರೆ ಪದವಿ ಒಂದು ವರ್ಷ ಹಿಂದಕ್ಕೆ, ಏಕೆಂದರೆ ಸಿಗ್ನಲ್ಸ್ ಕೋರ್ಸ್ ವರ್ಷಕ್ಕೊಮ್ಮೆ ಮಾತ್ರ. ಬಲಗಡೆ ಭಾಷಾವಿಜ್ಞಾನ: ಧ್ವನಿವಿಜ್ಞಾನ, ಧ್ವನಿಮಾಶಾಸ್ತ್ರ, ವಾಕ್ಯರಚನೆ, ಬಳಿಕ ಕ್ಷೇತ್ರಕಾರ್ಯದ ಕೋರ್ಸ್. ಒಬ್ಬ ಭಾಷಿಕರನ್ನು ಕೂರಿಸಿಕೊಂಡು, ತಮಗೆ ಪರಿಚಯವಿಲ್ಲದ ಭಾಷೆಯೊಂದರ ವ್ಯಾಕರಣವನ್ನು ವಿದ್ಯಾರ್ಥಿಗಳೇ ಕಟ್ಟಬೇಕಾದ ಆ ತರಗತಿ ಎರಡು ವರ್ಷಕ್ಕೊಮ್ಮೆ ನಡೆಯುತ್ತಿತ್ತು. ಹಾಳೆಯ ಆರನೆಯ ಸೆಮಿಸ್ಟರ್ ಮನೆಯಲ್ಲಿ ಸಿಗ್ನಲ್ಸ್ ಮತ್ತು ಕ್ಷೇತ್ರಕಾರ್ಯ ಎರಡೂ ಮಂಗಳವಾರ, ಗುರುವಾರ ಬೆಳಿಗ್ಗೆ ಒಂದೇ ಹೊತ್ತಿಗೆ ಬಿದ್ದಿದ್ದವು. ಅವಳು ಆ ಮನೆಯನ್ನು ಎಷ್ಟು ಸಲ ಉಜ್ಜಿ ಬರೆದಿದ್ದಳೆಂದರೆ ಕಾಗದ ಅಲ್ಲಿ ತೆಳ್ಳಗಾಗಿತ್ತು.

ಇದರಲ್ಲಿ ಯಾರ ತಪ್ಪೂ ಇರಲಿಲ್ಲ ಎಂಬುದೇ ವಿಶೇಷ. ಎಂಜಿನಿಯರಿಂಗ್ ಕಾಲೇಜಿನ ಅಡ್ವೈಸರ್ ತಮ್ಮ ಸರಪಳಿಯನ್ನು ಸರಿಯಾಗಿಯೇ ವಿವರಿಸಿದ್ದರು, ಭಾಷಾವಿಜ್ಞಾನದವರೂ ಅಷ್ಟೇ. ಎರಡು ಕಾಲೇಜುಗಳ ವೇಳಾಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ ಕೆಲಸ ಮಾತ್ರ ಯಾರ ಪಾಲಿಗೂ ಬಂದಿರಲಿಲ್ಲ. ಅದನ್ನು ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳು ಮಾಡಿಕೊಳ್ಳಬೇಕಿತ್ತು. ಎರಡು ದೋಣಿಯ ಮೇಲೆ ಕಾಲಿಡಬೇಡ ಎಂದು ಅವಳಿಗೆ ಬುದ್ಧಿ ಹೇಳಿದ ಹಿರಿಯರಿದ್ದರು. ದೋಣಿಗಳೆರಡೂ ಚೆನ್ನಾಗಿಯೇ ಇದ್ದವು, ಹೊರಡುವ ಹೊತ್ತು ಮಾತ್ರ ಹೊಂದುತ್ತಿರಲಿಲ್ಲ. ಕೊನೆಗೆ ಅವಳು ಭಾಷಾವಿಜ್ಞಾನವನ್ನು ಮೈನರ್ ಆಗಿ ಇಟ್ಟುಕೊಂಡು, ವಿದೇಶಿ ಭಾಷೆಯ ಅಗತ್ಯದಿಂದ ಬಿಡುಗಡೆ ಪಡೆದು, ಸಿಗ್ನಲ್ಸ್ ಅನ್ನು ಆರನೆಯ ಸೆಮಿಸ್ಟರ್‌ನಲ್ಲೇ ಮುಗಿಸಿದಳು. ಕ್ಷೇತ್ರಕಾರ್ಯದ ತರಗತಿಯ ಬದಲಿಗೆ ಅದೇ ಪ್ರಾಧ್ಯಾಪಕರ ಬಳಿ ಒಂದು ಸೆಮಿಸ್ಟರ್ ಸ್ವತಂತ್ರ ಅಧ್ಯಯನ ಮಾಡಿದಳು. ಅವಳಿಗೆ ಬೇಕಿದ್ದದ್ದು ಆ ಕೆಲಸವಾಗಿತ್ತು, ಅದು ಸಿಕ್ಕಿತು. ಪ್ರಮಾಣಪತ್ರದಲ್ಲಿ ಆ ವಿಷಯದ ಹೆಸರಿಲ್ಲವೆಂಬುದು ಅವಳಿಗಿಂತ ಅವಳ ಮನೆಯವರಿಗೆ ಹೆಚ್ಚು ಬೇಸರ ತಂದಿತೆಂದು ಕೇಳಿದ್ದೇನೆ.

ಈ ಪ್ರಸಂಗದಿಂದ ಎರಡು ಕಾಲೇಜುಗಳ ಓದೇ ಬೇಡವೆಂದು ನಾನು ಹೇಳುತ್ತಿದ್ದೇನೆಂದು ತಿಳಿಯಬಾರದು. ನನ್ನ ವಾದ ಇಷ್ಟೇ: ಎರಡನೆಯ ಪದವಿಯಿಲ್ಲದೆ ಸಿಗಲಾರದ್ದು ಏನು ಎಂಬ ಪ್ರಶ್ನೆಗೆ ಸ್ಪಷ್ಟ ಉತ್ತರವಿದ್ದರೆ ಮಾತ್ರ ಮುಂದುವರಿಯಬೇಕು. ಕೆಲವು ಕಡೆ ಉತ್ತರ ಖಚಿತವಾಗಿರುತ್ತದೆ. ಸಂಗೀತ ಅದಕ್ಕೆ ಒಳ್ಳೆಯ ಉದಾಹರಣೆ. ವಾದ್ಯದ ವೈಯಕ್ತಿಕ ಪಾಠ ಎಂದರೆ ಒಬ್ಬ ಗುರು, ಒಬ್ಬ ವಿದ್ಯಾರ್ಥಿ, ವಾರಕ್ಕೊಂದು ಗಂಟೆ. ಗುರುವಿನ ಬಳಿ ಇರುವ ಗಂಟೆಗಳು ಬೆರಳೆಣಿಕೆಯವಾದ್ದರಿಂದ ಸಂಗೀತ ಶಾಲೆಗಳು ಅವನ್ನು ಮೊದಲು ತಮ್ಮ ಮೇಜರ್ ವಿದ್ಯಾರ್ಥಿಗಳಿಗೇ ಮೀಸಲಿಡುತ್ತವೆ. ಗಣಿತದ ಜೊತೆ ಪಿಟೀಲನ್ನು ಕಛೇರಿಯ ಮಟ್ಟಕ್ಕೆ ಒಯ್ಯಬೇಕೆನ್ನುವವರಿಗೆ ಮೈನರ್ ಸಾಲದು. ಅಮೆರಿಕದ ಒಬರ್ಲಿನ್ ಎಂಬ ಸಂಸ್ಥೆಯಲ್ಲಿ ಕಾಲೇಜು ಮತ್ತು ಸಂಗೀತ ಶಾಲೆ ಎರಡರಿಂದಲೂ ಪದವಿ ಪಡೆಯುವ ಐದು ವರ್ಷಗಳ ವ್ಯವಸ್ಥೆ ಇದೆ. ಅದು ಐದು ವರ್ಷ ಎಂಬುದನ್ನು ಮೊದಲೇ, ಮುಚ್ಚುಮರೆಯಿಲ್ಲದೆ ಹೇಳಲಾಗುತ್ತದೆ; ವಿದ್ಯಾರ್ಥಿ ಅದನ್ನು ಒಪ್ಪಿಯೇ ಸೇರುತ್ತಾನೆ.

ವೃತ್ತಿ ಪರವಾನಗಿಯ ಪ್ರಶ್ನೆಯೂ ಇಂಥದ್ದೇ. ಅಮೆರಿಕದಲ್ಲಿ ಪರವಾನಗಿ ಪಡೆದ ಎಂಜಿನಿಯರ್ ಆಗಲು ಮಾನ್ಯತೆ ಪಡೆದ ಎಂಜಿನಿಯರಿಂಗ್ ಪದವಿಯೇ ರಾಜಮಾರ್ಗ. ಹತ್ತು ಬಿಡಿ ಕೋರ್ಸ್‌ಗಳಿಂದ ಆ ಕೆಲಸ ಆಗುವುದಿಲ್ಲ. ಪ್ರಮಾಣಿತ ಲೆಕ್ಕಪರಿಶೋಧಕರಾಗಲು 150 ಕ್ರೆಡಿಟ್ ಬೇಕೆಂಬ ನಿಯಮ ಅಲ್ಲಿನ ರಾಜ್ಯಗಳಲ್ಲಿ ಬಹಳ ಕಾಲ ನಡೆದುಬಂದಿದೆ, ಈಚೆಗೆ ಹಲವು ರಾಜ್ಯಗಳು ಅದನ್ನು ಸಡಿಲಿಸುತ್ತಿವೆ. ಆ ನಿಯಮ ಅನ್ವಯವಾಗುವಲ್ಲಿ ಹೇಗೂ ತೆಗೆದುಕೊಳ್ಳಬೇಕಾದ 30 ಹೆಚ್ಚುವರಿ ಕ್ರೆಡಿಟ್‌ಗಳನ್ನು ಇನ್ನೊಂದು ಕಾಲೇಜಿನ ಮೇಜರ್‌ಗೆ ಸಲ್ಲಿಸುವುದು ಜಾಣತನ. ವೈದ್ಯಕೀಯ ಶಿಕ್ಷಣದ ವಿಷಯದಲ್ಲಿ ಪರಿಸ್ಥಿತಿ ಇದಕ್ಕೆ ವಿರುದ್ಧ. ಅಲ್ಲಿನ ವೈದ್ಯಕೀಯ ಶಾಲೆಗಳು ಜೀವವಿಜ್ಞಾನ, ರಸಾಯನಶಾಸ್ತ್ರ, ಭೌತಶಾಸ್ತ್ರದ ನಿರ್ದಿಷ್ಟ ಕೋರ್ಸ್‌ಗಳನ್ನು ಕೇಳುತ್ತವೆಯೇ ಹೊರತು ಇಂಥದೇ ಮೇಜರ್ ಇರಬೇಕೆಂದು ಕೇಳುವುದಿಲ್ಲ. ತತ್ತ್ವಶಾಸ್ತ್ರ ಓದುತ್ತಿರುವ ಹುಡುಗ ವೈದ್ಯನಾಗಬೇಕೆಂದು ಜೀವವಿಜ್ಞಾನದ ಎರಡನೆಯ ಮೇಜರ್ ಹೊತ್ತುಕೊಳ್ಳುವುದು ಅನಗತ್ಯ ಭಾರ. ಸಂಶೋಧನೆಗೆ ಹೋಗುವವರ ಮಾತೂ ಬಹುಮಟ್ಟಿಗೆ ಇದೇ: ಪ್ರವೇಶ ಸಮಿತಿಗಳು ಅಭ್ಯರ್ಥಿ ಯಾವ ಮೇಲ್ಮಟ್ಟದ ಕೋರ್ಸ್‌ಗಳನ್ನು ಮಾಡಿದ್ದಾನೆ, ಯಾವ ಸಂಶೋಧನೆಯಲ್ಲಿ ಕೈಯಾಡಿಸಿದ್ದಾನೆ, ಅವನನ್ನು ಬಲ್ಲ ಪ್ರಾಧ್ಯಾಪಕರು ಏನು ಬರೆದಿದ್ದಾರೆ ಎಂಬುದನ್ನು ನೋಡುತ್ತವೆ.

ಐದನೆಯ ವರ್ಷ ಕಳೆಯಲು ಸಿದ್ಧರಿರುವವರು ಇನ್ನೊಂದು ದಾರಿಯನ್ನೂ ತೂಗಿ ನೋಡಬೇಕು. ಪದವಿಯ ಕೊನೆಯ ವರ್ಷದಲ್ಲೇ ಸ್ನಾತಕೋತ್ತರ ಕೋರ್ಸ್‌ಗಳನ್ನು ಆರಂಭಿಸಿ, ಒಟ್ಟು ಐದು ವರ್ಷಗಳಲ್ಲಿ ಒಂದು ಪದವಿ ಮತ್ತು ಒಂದು ಮಾಸ್ಟರ್ಸ್ ಪಡೆಯುವ ‘ನಾಲ್ಕು ಕೂಡು ಒಂದು’ ವ್ಯವಸ್ಥೆ ಹಲವು ವಿಶ್ವವಿದ್ಯಾಲಯಗಳಲ್ಲಿದೆ. ಅಷ್ಟೇ ಸಮಯಕ್ಕೆ ಎರಡನೆಯ ಬ್ಯಾಚುಲರ್ ಪದವಿ ಪಡೆಯುವುದಕ್ಕಿಂತ ಇದು ಅನೇಕರಿಗೆ ಮೇಲು. ಎಫ್-1 ವೀಸಾದ ಮೇಲೆ ಓದುವ ವಿದೇಶಿ ವಿದ್ಯಾರ್ಥಿಗಳಿಗಂತೂ ಇದರಲ್ಲಿ ಒಂದು ನೇರ ಪರಿಣಾಮವಿದೆ: ಓದಿನ ನಂತರ ಕೆಲಸ ಮಾಡಲು ಸಿಗುವ ಹನ್ನೆರಡು ತಿಂಗಳ ಒಪಿಟಿ ಅವಕಾಶ ಶಿಕ್ಷಣದ ಪ್ರತಿ ಮೇಲಿನ ಹಂತಕ್ಕೆ ಒಮ್ಮೆ ದೊರೆಯುತ್ತದೆ. ಬ್ಯಾಚುಲರ್ ಪದವಿ ಎರಡಾದರೂ ಹಂತ ಒಂದೇ. ಮಾಸ್ಟರ್ಸ್ ಪದವಿ ಮೇಲಿನ ಹಂತ.

ಹಣದ ವಿಷಯವನ್ನು ವಿದ್ಯಾರ್ಥಿಗಳು ಕೇಳುವುದೇ ಇಲ್ಲ, ಪೋಷಕರು ಕೇಳುವಾಗ ತಡವಾಗಿರುತ್ತದೆ. ಅನೇಕ ವಿಶ್ವವಿದ್ಯಾಲಯಗಳಲ್ಲಿ ಸೆಮಿಸ್ಟರ್‌ಗೆ 12ರಿಂದ 18 ಕ್ರೆಡಿಟ್‌ವರೆಗೆ ಒಂದೇ ಶುಲ್ಕ. ಅದರ ಮೇಲೆ ಹೋದರೆ ಪ್ರತಿ ಕ್ರೆಡಿಟ್‌ಗೂ ಪ್ರತ್ಯೇಕ ಹಣ, ಜೊತೆಗೆ ಡೀನ್ ಕಚೇರಿಯ ಅನುಮತಿ. ಎಂಜಿನಿಯರಿಂಗ್ ಮತ್ತು ವಾಣಿಜ್ಯ ಕಾಲೇಜುಗಳ ಶುಲ್ಕ ಕಲಾ ಕಾಲೇಜಿಗಿಂತ ಹೆಚ್ಚಿರುವ ವಿಶ್ವವಿದ್ಯಾಲಯಗಳಿವೆ. ಎರಡರಲ್ಲೂ ಹೆಸರಿರುವವರಿಗೆ ಯಾವ ದರ ಅನ್ವಯವಾಗುತ್ತದೆಂದು ಬರಹದಲ್ಲಿ ಕೇಳಿಕೊಳ್ಳಬೇಕು. ಅಮೆರಿಕ ಸರ್ಕಾರದ ಪೆಲ್ ಅನುದಾನಕ್ಕೆ ಜೀವಮಾನದ ಮಿತಿ 12 ಪೂರ್ಣ ಸೆಮಿಸ್ಟರ್‌ಗಳಷ್ಟು. ಟೆಕ್ಸಾಸ್, ಫ್ಲಾರಿಡಾದಂಥ ರಾಜ್ಯಗಳು ಪದವಿಗೆ ಬೇಕಾದುದಕ್ಕಿಂತ ಬಹಳ ಹೆಚ್ಚು ಕ್ರೆಡಿಟ್ ಕೂಡಿಹಾಕುವವರಿಂದ ಹೆಚ್ಚು ಶುಲ್ಕ ವಸೂಲು ಮಾಡಲು ನಿಯಮ ಮಾಡಿಕೊಂಡಿವೆ. ಡ್ಯುಯಲ್ ಡಿಗ್ರಿಯವರಿಗೆ ವಿನಾಯಿತಿ ಇದೆಯೇ, ಅದಕ್ಕೆ ಮೊದಲೇ ಹೆಸರು ನೋಂದಾಯಿಸಿರಬೇಕೇ ಎಂಬುದನ್ನು ಆಯಾ ಕಡೆ ವಿಚಾರಿಸಬೇಕು. ವಿದ್ಯಾರ್ಥಿವೇತನ ನಿರ್ದಿಷ್ಟ ಜಿಪಿಎಗೆ, ಅಂದರೆ ಸರಾಸರಿ ಶ್ರೇಣಿಗೆ, ಕಟ್ಟುಬಿದ್ದಿದ್ದರೆ ಒಂದು ಅತಿಭಾರದ ಸೆಮಿಸ್ಟರ್ ಅದನ್ನೇ ಕಳೆದುಬಿಡಬಹುದು.

ನಿರ್ಧಾರದ ಹೊತ್ತಿನ ಬಗ್ಗೆ ಒಂದು ಸಲಹೆಯನ್ನು ಮಾತ್ರ ಒತ್ತಿ ಹೇಳುತ್ತೇನೆ. ಎರಡು ಕಾಲೇಜುಗಳಲ್ಲಿ ಯಾವುದಕ್ಕೆ ಆಮೇಲೆ ಸೇರುವುದು ಕಷ್ಟವೋ ಅದಕ್ಕೆ ಮೊದಲು ಅರ್ಜಿ ಹಾಕಬೇಕು. ಎಂಜಿನಿಯರಿಂಗ್‌ನಿಂದ ಕಲಾ ಕಾಲೇಜಿನ ಇತಿಹಾಸ ವಿಭಾಗಕ್ಕೆ ಬರುವುದು ಸಾಮಾನ್ಯವಾಗಿ ಒಂದು ಅರ್ಜಿಯ ಕೆಲಸ; ಇತಿಹಾಸದಿಂದ ಕಂಪ್ಯೂಟರ್ ಸೈನ್ಸ್‌ಗೋ ವಾಣಿಜ್ಯ ಕಾಲೇಜಿಗೋ ಹೋಗುವುದು ಸೀಮಿತ ಸ್ಥಾನಗಳಿಗಾಗಿ ನಡೆಯುವ ಮರುಸ್ಪರ್ಧೆ. ‘ಮೊದಲು ಯಾವುದಾದರೂ ಒಂದಕ್ಕೆ ಸೇರಿ, ಆಮೇಲೆ ಇನ್ನೊಂದನ್ನು ಸೇರಿಸಿಕೊಂಡರಾಯಿತು’ ಎಂಬ ಮಾತನ್ನು ಪರಿಚಯದ ಹಿರಿಯ ವಿದ್ಯಾರ್ಥಿಗಳಿಂದ ಕೇಳಿ ನಂಬಿ ಬಂದವರಿಗೆ ಎರಡನೆಯ ವರ್ಷ ಕಹಿಯಾಗಿರುತ್ತದೆ. ಮೊದಲ ವರ್ಷ ಎರಡೂ ಸರಪಳಿಗಳ ಆರಂಭದ ಕೋರ್ಸ್‌ಗಳನ್ನು ತೆಗೆದುಕೊಂಡು, ಔಪಚಾರಿಕ ಘೋಷಣೆಯನ್ನು ಎರಡನೆಯ ವರ್ಷಕ್ಕೆ ಬಿಡುವುದರಲ್ಲಿ ನಷ್ಟವಿಲ್ಲ. ಆ ಹೊತ್ತಿಗೆ ಎರಡರಲ್ಲಿ ಒಂದು ವಿಷಯ ತಾನಾಗಿಯೇ ಹಿಂದೆ ಸರಿದಿರುವುದೂ ಉಂಟು.

ವಿಶ್ವವಿದ್ಯಾಲಯವೇ ಮುಂದೆ ನಿಂತು ಎರಡು ಕಾಲೇಜುಗಳನ್ನು ಜೋಡಿಸಿಕೊಟ್ಟಲ್ಲಿ ಈ ತಾಪತ್ರಯಗಳಲ್ಲಿ ಹೆಚ್ಚಿನವು ಇರುವುದಿಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ವಾರ್ಟನ್ ಎಂಬ ವಾಣಿಜ್ಯ ಶಾಲೆ ಮತ್ತು ಎಂಜಿನಿಯರಿಂಗ್ ಶಾಲೆಗಳನ್ನು ಜೋಡಿಸಿದ ಜೆರೋಮ್ ಫಿಶರ್ ಕಾರ್ಯಕ್ರಮವಿದೆ. ವಾರ್ಟನ್ ಮತ್ತು ಕಲೆ ಹಾಗೂ ವಿಜ್ಞಾನ ಕಾಲೇಜನ್ನು ಜೋಡಿಸಿದ ಹಂಟ್ಸ್‌ಮನ್ ಕಾರ್ಯಕ್ರಮವಿದೆ. ಇಲಿನಾಯ್ ವಿಶ್ವವಿದ್ಯಾಲಯದ ಅರ್ಬಾನಾ-ಶಾಂಪೇನ್ ಆವರಣದಲ್ಲಿ ಕಂಪ್ಯೂಟರ್ ಸೈನ್ಸ್ ಅನ್ನು ಭಾಷಾವಿಜ್ಞಾನ, ಮಾನವಶಾಸ್ತ್ರ, ಖಗೋಳವಿಜ್ಞಾನ ಮೊದಲಾದವುಗಳೊಂದಿಗೆ ಬೆಸೆದು ಒಂದೇ ಪದವಿಯಾಗಿ ಕೊಡುತ್ತಾರೆ. ಆಸ್ಟ್ರೇಲಿಯಾದಲ್ಲಿ ಕಾನೂನನ್ನು ಕಲೆ ಅಥವಾ ವಾಣಿಜ್ಯದ ಜೊತೆ ಸೇರಿಸಿ ಐದು ವರ್ಷ ಓದುವುದು ರೂಢಿಯೇ ಆಗಿದೆ. ಇಲ್ಲೆಲ್ಲ ಯಾವ ಕೋರ್ಸ್ ಎರಡೂ ಕಡೆ ಸಲ್ಲುತ್ತದೆ, ಯಾವುದು ಸಲ್ಲುವುದಿಲ್ಲ ಎಂಬುದನ್ನು ಪ್ರಾಧ್ಯಾಪಕರು ಕುಳಿತು ಮೊದಲೇ ತೀರ್ಮಾನಿಸಿದ್ದಾರೆ. ಹಾಗೆಂದು ಇದು ವಿಶ್ವವಿದ್ಯಾಲಯಗಳಿಗೂ ಸುಲಭದ ಕೆಲಸವಲ್ಲ. ಸ್ಟ್ಯಾನ್‌ಫರ್ಡ್ 2014ರಲ್ಲಿ ಕಂಪ್ಯೂಟರ್ ಸೈನ್ಸ್ ಅನ್ನು ಇಂಗ್ಲಿಷ್, ಸಂಗೀತ ಮೊದಲಾದ ವಿಷಯಗಳೊಂದಿಗೆ ಜೋಡಿಸಿ ಪ್ರಾಯೋಗಿಕವಾಗಿ ಆರಂಭಿಸಿದ ಜಂಟಿ ಮೇಜರ್ ವ್ಯವಸ್ಥೆಯನ್ನು ಕೆಲವು ವರ್ಷಗಳ ಬಳಿಕ ಕೈಬಿಟ್ಟಿತು. ಅಷ್ಟು ಸಂಪನ್ಮೂಲವಿರುವ ಸಂಸ್ಥೆಯೇ ಮುಂದುವರಿಸದ ಜೋಡಣೆಯನ್ನು ವಿದ್ಯಾರ್ಥಿ ಒಂಟಿಯಾಗಿ ಮಾಡಿಕೊಳ್ಳಬೇಕೆಂದು ನಿರೀಕ್ಷಿಸುವಾಗ ನಾವು ಸ್ವಲ್ಪ ಯೋಚಿಸಬೇಕು.

ಭಾರತದಲ್ಲೂ ಯುಜಿಸಿ 2022ರ ಏಪ್ರಿಲ್‌ನಲ್ಲಿ, ತರಗತಿಯ ವೇಳೆಗಳು ಒಂದರ ಮೇಲೊಂದು ಬೀಳದಿದ್ದರೆ ಏಕಕಾಲಕ್ಕೆ ಎರಡು ಪೂರ್ಣಾವಧಿ ಪದವಿಗಳಿಗೆ ಅನುಮತಿ ನೀಡಿತು. ಅದೇ ವರ್ಷದ ಡಿಸೆಂಬರ್‌ನ ಪಠ್ಯಕ್ರಮ ಚೌಕಟ್ಟು, 120 ಕ್ರೆಡಿಟ್‌ಗಳ ಮೂರು ವರ್ಷದ ಪದವಿಯಲ್ಲಿ ಎರಡನೆಯ ಮೇಜರ್‌ಗೆ ಕನಿಷ್ಠ ಶೇ 40, ಅಂದರೆ 48 ಕ್ರೆಡಿಟ್ ಬೇಕೆಂದಿತು. ಅನುಮತಿಯನ್ನು ಒಂದು ಸುತ್ತೋಲೆಯಲ್ಲಿ ಕೊಟ್ಟುಬಿಡಬಹುದು. ‘ವೇಳೆಗಳು ಒಂದರ ಮೇಲೊಂದು ಬೀಳದಿದ್ದರೆ’ ಎಂಬ ಷರತ್ತನ್ನು ನಿಜ ಮಾಡುವ ಹೊಣೆ ಯಾರದೆಂಬುದು ಎಲ್ಲ ದೇಶಗಳಲ್ಲೂ ಒಂದೇ ಪ್ರಶ್ನೆ.

ಆದ್ದರಿಂದ ಎರಡು ಕಾಲೇಜುಗಳಲ್ಲಿ ಮೇಜರ್ ಮಾಡಲು ಅನುಮತಿಸುವ ವಿಶ್ವವಿದ್ಯಾಲಯಗಳು ಕನಿಷ್ಠ ಮೂರು ಮಾಹಿತಿಗಳನ್ನು ಒಂದೇ ಕಡೆ ಪ್ರಕಟಿಸಬೇಕೆಂದು ನನ್ನ ಒತ್ತಾಯ: ಪ್ರತಿ ಮೇಲ್ಮಟ್ಟದ ಕೋರ್ಸ್ ಯಾವ ಸೆಮಿಸ್ಟರ್‌ನಲ್ಲಿ, ಎಷ್ಟು ವರ್ಷಕ್ಕೊಮ್ಮೆ ನಡೆಯುತ್ತದೆ, ಎರಡೂ ಕಾಲೇಜುಗಳಿಗೆ ಸಲ್ಲುವ ಕೋರ್ಸ್‌ಗಳು ಯಾವುವು, ಹೀಗೆ ಹೆಸರು ಬರೆಸಿದವರಲ್ಲಿ ಎಷ್ಟು ಮಂದಿ ಎಷ್ಟು ಸೆಮಿಸ್ಟರ್‌ಗಳಲ್ಲಿ ಎರಡನ್ನೂ ಮುಗಿಸಿದರು, ಎಷ್ಟು ಮಂದಿ ಒಂದನ್ನು ಬಿಟ್ಟರು. ಮೂರನೆಯದನ್ನು ಪ್ರಕಟಿಸಲು ಸಂಸ್ಥೆಗಳು ಹಿಂಜರಿಯುತ್ತವೆಂದು ನನಗೆ ಗೊತ್ತು. ಪತ್ರಿಕೆಗಳು ಮುಂದಿನ ಸಲ ಎರಡು ಪದವಿ ಪಡೆದ ವಿದ್ಯಾರ್ಥಿಯ ಸಂದರ್ಶನ ಮಾಡುವಾಗ, ಅವಳ ಅಂಕಗಳ ಜೊತೆಗೆ ಅವಳಿಗೆ ಎಷ್ಟು ಸೆಮಿಸ್ಟರ್ ಹಿಡಿಯಿತು, ಯಾವ ಕೋರ್ಸನ್ನು ಕೈಬಿಡಬೇಕಾಯಿತು ಎಂದೂ ಕೇಳಿ ಅಚ್ಚು ಹಾಕಿದರೆ ಓದುಗರಿಗೆ ಹೆಚ್ಚು ಉಪಯೋಗವಾಗುತ್ತದೆ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಅಧ್ಯಾಪಕಿ